ಐಸಿಡಿ ಬಾಟಲಿಯ ಜಾಗಕ್ಕೆ ಡಿಜಿಟಲ್ ಡ್ರೈನ್: ಟ್ರಾಮಾ ವಾರ್ಡಿನಲ್ಲಿ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪಕ್ಕೆಯಲ್ಲಿ ಹಾಕಿದ ಟ್ಯೂಬಿನಿಂದ (ಅದೇ ಐಸಿಡಿ) ಎದೆಯೊಳಗೆ ಸೇರಿದ ಗಾಳಿ, ರಕ್ತವನ್ನು ಹೊರಗೆಳೆಯುವ ಡಿಜಿಟಲ್ ಡ್ರೈನ್ ಒಳ್ಳೆಯ ಯಂತ್ರ. ಐದಕ್ಕೆ ಮೂರೂವರೆ ಕೊಡುತ್ತೇನೆ. ಮಿಕ್ಕ ಒಂದೂವರೆ ಯಾಕೆ ಕಳೆದೆ ಅನ್ನೋದು ಮಾತ್ರ ಸ್ವಲ್ಪ ಉದ್ದದ ಕತೆ.

ನಾನು ಟ್ರಾಮಾ ವಾರ್ಡಿನ ನರ್ಸ್. ಸ್ಟೀರಿಂಗ್ ಎದೆಗೆ ಗುದ್ದಿದವರು, ಏಣಿಯಿಂದ ಬಿದ್ದವರು, ಬೈಕಿನ ಹ್ಯಾಂಡಲ್ ಪಕ್ಕೆಗೆ ತಿವಿದವರು, ಇಂಥವರೇ ನಮ್ಮಲ್ಲಿ ಜಾಸ್ತಿ. ಇವರಲ್ಲಿ ಬಹಳ ಜನರ ಶ್ವಾಸಕೋಶ ಕುಗ್ಗಿರುತ್ತದೆ. ಆದರೆ ಹೆಚ್ಚಿನವರಿಗೆ ಎದೆ ತೆರೆಯುವ ದೊಡ್ಡ ಆಪರೇಷನ್ ಬೇಕಾಗುವುದಿಲ್ಲ. ಪಕ್ಕೆಯಲ್ಲಿ ಒಂದು ಟ್ಯೂಬ್, ಅದರ ತುದಿಗೆ ಒಂದು ಡ್ರೈನ್, ಜೊತೆಗೆ ಸರಿಯಾದ ನೋವಿನ ಔಷಧಿ. ಅಷ್ಟರಲ್ಲೇ ಎದ್ದು ಮನೆಗೆ ಹೋಗುತ್ತಾರೆ. ಹಾಗಾಗಿ ಆ ಟ್ಯೂಬಿನ ತುದಿಗೆ ಏನು ಸಿಕ್ಕಿಸುತ್ತೇವೆ ಅನ್ನುವುದು ಸಣ್ಣ ವಿಷಯ ಅಲ್ಲ.

ಯಂತ್ರದ ವಿಷಯಕ್ಕೆ ಬರುವ ಮುಂಚೆ ಒಳಗೆ ಏನಾಗುತ್ತದೆ ಅಂತ ಒಂದೆರಡು ಮಾತು. ಶ್ವಾಸಕೋಶಕ್ಕೆ ತಾನಾಗಿಯೇ ಕುಗ್ಗುವ ಗುಣವಿದೆ. ಅದನ್ನು ಹಿಗ್ಗಿಸಿ ಹಿಡಿದಿರುವುದು ಅದರ ಪೊರೆಗೂ ಎದೆಗೂಡಿನ ಒಳಪೊರೆಗೂ ನಡುವಿನ ತೆಳು ಜಾಗ. ಅಲ್ಲಿ ಇರುವುದು ಒಂದಿಷ್ಟು ದ್ರವ ಮಾತ್ರ, ಗಾಳಿ ಇಲ್ಲ. ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 5 ಸೆಂ.ಮೀ. ನೀರಿನಷ್ಟು ಕಡಿಮೆ. ಈ ಸಣ್ಣ ಎಳೆತವೇ ಶ್ವಾಸಕೋಶವನ್ನು ಬಿಚ್ಚಿಟ್ಟಿರುತ್ತದೆ. ಮುರಿದ ಪಕ್ಕೆಲುಬಿನ ತುದಿ ಚುಚ್ಚಿದರೆ ಆ ಜಾಗಕ್ಕೆ ಗಾಳಿ ನುಗ್ಗುತ್ತದೆ, ಎಳೆತ ಹೋಗುತ್ತದೆ, ಶ್ವಾಸಕೋಶ ಮುದುಡುತ್ತದೆ. ಮೂಳೆ ಮುರಿಯದೆಯೂ ಹೀಗಾಗಬಹುದು. ಪೆಟ್ಟು ಬೀಳುವ ಕ್ಷಣದಲ್ಲಿ ಉಸಿರು ಬಿಗಿಹಿಡಿದಿದ್ದರೆ ಒಳಗಿನ ಗಾಳಿಗೂಡುಗಳು ಒತ್ತಡಕ್ಕೆ ಒಡೆಯುತ್ತವೆ. ಮಕ್ಕಳ ಪಕ್ಕೆಲುಬು ಬಾಗುತ್ತದೆ, ಬೇಗ ಮುರಿಯುವುದಿಲ್ಲ. ಅದಕ್ಕೇ "ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ" ಅಂದಾಕ್ಷಣ ಸಮಾಧಾನಪಟ್ಟುಕೊಳ್ಳಬಾರದು.

ಡ್ರೈನ್ ಮಾಡುವ ಕೆಲಸ ಇಷ್ಟೇ: ಗಾಳಿ, ರಕ್ತ ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು.

ಹಳೆಯ ಬಾಟಲಿ ಈ ಕೆಲಸವನ್ನು ನೂರು ವರ್ಷಕ್ಕೂ ಮೇಲೆ ಮಾಡಿಕೊಂಡು ಬಂದಿದೆ. ಗೊತ್ತ್‌ಹಾರ್ಡ್ ಬ್ಯೂಲೌ ಎಂಬ ಜರ್ಮನ್ ವೈದ್ಯರು 1891ರಲ್ಲಿ ಈ ವಿಧಾನದ ಬಗ್ಗೆ ಬರೆದರು. ಅವರು ಮಾಡಿದ್ದು ಎದೆಯಲ್ಲಿ ಕೀವು ತುಂಬಿದವರಿಗೆ. ಟ್ಯೂಬಿನ ತುದಿಯನ್ನು ನೀರಿನಲ್ಲಿ ಮುಳುಗಿಸಿಡುವುದು, ಅಷ್ಟೇ. ನಾವೂ ತುದಿಯನ್ನು ಸುಮಾರು 2 ಸೆಂ.ಮೀ. ಮುಳುಗಿಸುತ್ತೇವೆ. ಗಾಳಿ ಗುಳ್ಳೆಯಾಗಿ ಹೊರಗೆ ಬರುತ್ತದೆ, ವಾಪಸ್ ಹೋಗಲು ನೀರು ಬಿಡುವುದಿಲ್ಲ. ಕರೆಂಟ್ ಬೇಡ, ಬ್ಯಾಟರಿ ಬೇಡ. ರೋಗಿ ಉಸಿರೆಳೆದಾಗ ಟ್ಯೂಬಿನೊಳಗಿನ ನೀರು ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ರೌಂಡ್ಸಿಗೆ ಬಂದ ಡಾಕ್ಟರ್ ಮೊದಲು ಕೇಳುವುದೇ "ಕಾಲಮ್ ಆಡ್ತಿದೆಯಾ ಸಿಸ್ಟರ್?" ಅಂತ. ಕಾಲಮ್, ಅಂದರೆ ಆ ನೀರಿನ ಕಂಬ, ಆಡುತ್ತಿದ್ದರೆ ದಾರಿ ತೆರೆದಿದೆ ಎಂದರ್ಥ. ನಿಂತಿದ್ದರೆ ಎರಡೇ ಸಾಧ್ಯತೆ. ಶ್ವಾಸಕೋಶ ಪೂರ್ತಿ ಹಿಗ್ಗಿದೆ, ಇಲ್ಲವೇ ಟ್ಯೂಬ್ ಕಟ್ಟಿಕೊಂಡಿದೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಇದು ಉಲ್ಟಾ, ಉಸಿರು ಒಳಗೆ ಹೋದಾಗ ನೀರು ಇಳಿಯುತ್ತದೆ. ಹೊಸದಾಗಿ ಸೇರಿದ ಹುಡುಗಿಯರು ಇಲ್ಲಿ ಗಾಬರಿ ಬೀಳುತ್ತಾರೆ.

ಬಾಟಲಿಯ ತೊಂದರೆ ಬಾಟಲಿಯದ್ದಲ್ಲ, ಅದನ್ನು ಎತ್ತಿ ಓಡಾಡುವವರದ್ದು. ಅದು ಯಾವಾಗಲೂ ಎದೆಗಿಂತ ಕೆಳಗೇ ಇರಬೇಕು. ಸ್ಕ್ಯಾನಿಗೆ ಹೋಗುವಾಗ ಟ್ರಾಲಿಯ ಮೇಲೆ, ರೋಗಿಯ ಹೊಟ್ಟೆಯ ಮೇಲೆ ಬಾಟಲಿ ಇಟ್ಟು ತಳ್ಳಿಕೊಂಡು ಹೋಗುವವರನ್ನು ನೋಡಿದರೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಹಾಗಿಟ್ಟರೆ ಹೊರಗೆ ಬಂದದ್ದೆಲ್ಲ ತಿರುಗಿ ಎದೆಗೆ ಹೋಗುತ್ತದೆ. ಇನ್ನು ಕೆಲವರು "ಸೇಫ್ ಇರಲಿ" ಅಂತ ಟ್ಯೂಬಿಗೆ ಕ್ಲ್ಯಾಂಪ್ ಹಾಕಿಬಿಡುತ್ತಾರೆ. ಗುಳ್ಳೆ ಬರುತ್ತಿರುವ ಟ್ಯೂಬನ್ನು ಕ್ಲ್ಯಾಂಪ್ ಮಾಡುವುದು ಅಂದರೆ ಗಾಳಿಯನ್ನು ಒಳಗೇ ಕೂಡಿಹಾಕುವುದು. ಒತ್ತಡ ಏರಿ ಜೀವಕ್ಕೇ ಬರಬಹುದು.

ಬಾಟಲಿಯ ಬದಲು ಬಳಸುವ ಮೂರು ಖಾನೆಯ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಖಾನೆ ರಕ್ತ ಹಿಡಿಯಲು, ಒಂದು ನೀರಿನ ತಡೆಗೆ, ಒಂದು ಎಳೆತ ಹದ ಮಾಡಲು. ಮೂರನೇ ಖಾನೆಯಲ್ಲಿ ನೀರು ಎಷ್ಟು ಎತ್ತರವಿದೆಯೋ ಎಳೆತ ಅಷ್ಟೇ, ಸಾಮಾನ್ಯವಾಗಿ 20 ಸೆಂ.ಮೀ. ಗೋಡೆಯ ಸಕ್ಷನ್, ಅಂದರೆ ಗಾಳಿ ಎಳೆಯುವ ಪೈಪಿನ ತಿರುಪು, ಎಷ್ಟು ತಿರುಗಿಸಿದರೂ ಅದು ಹೆಚ್ಚುವುದಿಲ್ಲ, ಸದ್ದು ಮಾತ್ರ ಹೆಚ್ಚುತ್ತದೆ. ರಾತ್ರಿಯಿಡೀ ಗುಳುಗುಳು. ಪಕ್ಕದ ಹಾಸಿಗೆಯವರೂ ನಿದ್ದೆಗೆಡುತ್ತಾರೆ. ಅದಕ್ಕಿಂತ ದೊಡ್ಡ ದೂರು ಬೇರೆ ಇದೆ. ಸಕ್ಷನ್ ಹಾಕಿದ ರೋಗಿ ಗೋಡೆಗೆ ಕಟ್ಟಿಹಾಕಿದ ಹಾಗೆ ಕೂತಿರಬೇಕು.

ಡಿಜಿಟಲ್ ಡ್ರೈನ್ ಗೆಲ್ಲುವುದು ಇಲ್ಲೇ. ಒಂದು ಹ್ಯಾಂಡ್‌ಬ್ಯಾಗಿನಷ್ಟು ಗಾತ್ರ. ಒಳಗೆ ಪುಟ್ಟ ಪಂಪ್, ಬ್ಯಾಟರಿ, ಪಕ್ಕದಲ್ಲಿ ತೆಗೆದು ಹಾಕುವ ಡಬ್ಬಿ. ಹೆಗಲಿಗೆ ನೇತುಹಾಕಿಕೊಂಡು ರೋಗಿ ಬಾತ್‌ರೂಮಿಗೆ ಹೋಗಬಹುದು, ಕಾರಿಡಾರಿನಲ್ಲಿ ನಡೆಯಬಹುದು. ಎಳೆತ ಯಂತ್ರದಲ್ಲೇ ಸೆಟ್ ಮಾಡುತ್ತೇವೆ. ಅದು ರೋಗಿಯ ಹತ್ತಿರದ ಒತ್ತಡ ಅಳೆದು, ಬೇಕಾದಷ್ಟೇ ಎಳೆಯುತ್ತದೆ. ಬಾಟಲಿಯ ಹಾಗೆ ಎತ್ತರ ತಗ್ಗಿನ ರಗಳೆ ಇಲ್ಲ. ಸದ್ದೂ ಇಲ್ಲವೆನ್ನುವಷ್ಟು ಕಡಿಮೆ. ನಡೆಯುವ ರೋಗಿ ಆಳವಾಗಿ ಉಸಿರಾಡುತ್ತಾನೆ, ಕೆಮ್ಮುತ್ತಾನೆ, ಕಫ ಬರುತ್ತದೆ. ಇದೊಂದಕ್ಕೇ ನಾನು ಎರಡು ಅಂಕ ಕೊಡುತ್ತೇನೆ.

ಇನ್ನೊಂದು ಅಂಕ ಪರದೆಯ ಮೇಲಿನ ಅಂಕಿಗೆ. ನಿಮಿಷಕ್ಕೆ ಎಷ್ಟು ಮಿ.ಲೀ. ಗಾಳಿ ಸೋರುತ್ತಿದೆ ಅಂತ ತೋರಿಸುತ್ತದೆ, ಹಿಂದಿನ ಗಂಟೆಗಳ ಗೆರೆಯನ್ನೂ ಇಟ್ಟುಕೊಂಡಿರುತ್ತದೆ. ಬಾಟಲಿಯ ಕಾಲದಲ್ಲಿ ರೌಂಡ್ಸ್ ಅಂದರೆ ಒಂದು ವಾದ. ಒಬ್ಬರು "ಗುಳ್ಳೆ ಇಲ್ಲ, ತೆಗೀರಿ" ಅನ್ನುತ್ತಾರೆ. ಇನ್ನೊಬ್ಬರು "ಕೆಮ್ಮಿಸಿ ನೋಡಿ" ಅನ್ನುತ್ತಾರೆ. ಕೆಮ್ಮಿದರೆ ಒಂದು ಗುಳ್ಳೆ ಬರುತ್ತದೆ. ಅದು ಸೋರಿಕೆಯೋ, ಟ್ಯೂಬಿನಲ್ಲಿ ಉಳಿದ ಗಾಳಿಯೋ ಅಂತ ಮತ್ತೆ ಚರ್ಚೆ. ಈಗ ಗೆರೆ ನೋಡುತ್ತಾರೆ. ರಾತ್ರಿಯಿಡೀ ತಳದಲ್ಲೇ ಮಲಗಿದ್ದರೆ, ಎಕ್ಸ್‌ರೇ ಕೂಡ ಸರಿ ಇದ್ದರೆ, ಟ್ಯೂಬ್ ಹೊರಗೆ. ಸಂಜೆ ಮುನ್ನೂರು ಇದ್ದದ್ದು ಬೆಳಗ್ಗೆ ಸೊನ್ನೆಗೆ ಬಂದಿದ್ದನ್ನು ನೋಡಿದ ಒಬ್ಬ ಹುಡುಗ ತನ್ನ ಗೆರೆಯ ಫೋಟೊ ತೆಗೆದು ಗೆಳೆಯರಿಗೆಲ್ಲ ಕಳಿಸಿದ. ತನ್ನ ಗಾಯ ಮಾಯುತ್ತಿರುವುದು ರೋಗಿಗೇ ಕಾಣುವುದು ಸಣ್ಣ ಲಾಭ ಏನಲ್ಲ.

ಇಲ್ಲಿಯವರೆಗೂ ಹೊಗಳಿಕೆ. ಇನ್ನು ಕಳೆದ ಅಂಕಗಳು.

ಈ ಯಂತ್ರಗಳು ಹೆಸರು ಮಾಡಿದ್ದು ಶ್ವಾಸಕೋಶದ ಆಪರೇಷನ್ ಆದವರ ವಾರ್ಡುಗಳಲ್ಲಿ. ಅಲ್ಲಿ ಮುಖ್ಯ ತೊಂದರೆ ಗಾಳಿ. ಪೆಟ್ಟು ಬಿದ್ದು ಬಂದವರ ಕತೆ ಬೇರೆ. ಗಾಳಿಯ ಜೊತೆ ರಕ್ತ ಇರುತ್ತದೆ, ರಕ್ತದಲ್ಲಿ ಹೆಪ್ಪುಗಟ್ಟಿದ ಗಡ್ಡೆ ಇರುತ್ತದೆ. ನಮಗೆ ಬಂದ ಯಂತ್ರದ ಚಿಕ್ಕ ಡಬ್ಬಿ 300 ಮಿ.ಲೀ., ದೊಡ್ಡದು 800. ಎದೆಯಲ್ಲಿ ರಕ್ತ ತುಂಬಿ ಬಂದವನಿಗೆ ಟ್ಯೂಬ್ ಹಾಕಿದ ಕೂಡಲೇ 1500 ಮಿ.ಲೀ. ಬರಬಹುದು. ಅಷ್ಟು ಬಂದರೆ, ಅಥವಾ ಅದಾದ ಮೇಲೆ ಗಂಟೆಗೆ 200 ಮಿ.ಲೀ.ಯಂತೆ ಎರಡರಿಂದ ನಾಲ್ಕು ಗಂಟೆ ಬರುತ್ತಲೇ ಇದ್ದರೆ, ಆಪರೇಷನ್ ಥಿಯೇಟರಿಗೆ ಒಯ್ಯುವ ಮಾತು ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಡಬ್ಬಿ ತುಂಬಿತು ಅಂತ ಯಂತ್ರ ಕೂಗುತ್ತಾ ಕೂತರೆ ಯಾರಿಗೆ ಬೇಕು? ಕ್ಯಾಶುವಾಲ್ಟಿಯಲ್ಲಿ ದೊಡ್ಡ ಬಾಟಲಿಯೇ ಸರಿ. ಗುರುತು ಹಾಕಿದ ಗೆರೆ ನೋಡಿ ಲೆಕ್ಕ ಬರೆಯುತ್ತೇವೆ, ಮುಗಿಯಿತು. ರಕ್ತ ತಗ್ಗಿ, ಗಾಳಿ ಮಾತ್ರ ಉಳಿದ ಮೇಲೆ ಯಂತ್ರಕ್ಕೆ ಬದಲಾಯಿಸುವುದು ಜಾಣತನ. ನಮ್ಮಲ್ಲಿ ಈಗ ಹಾಗೇ ಮಾಡುತ್ತಿದ್ದೇವೆ.

ಎರಡನೆಯದು ಸೊನ್ನೆಯ ಸಮಸ್ಯೆ. ಪರದೆ ಸೊನ್ನೆ ತೋರಿಸಿದರೆ ಎಲ್ಲರ ಮುಖ ಅರಳುತ್ತದೆ. ಆದರೆ ಸೊನ್ನೆಗೂ ಎರಡು ಅರ್ಥ. ಸೋರಿಕೆ ನಿಂತಿರಬಹುದು, ಇಲ್ಲವೇ ಟ್ಯೂಬ್ ಮಡಚಿಕೊಂಡು ಗಾಳಿ ಹೊರಗೆ ಬರಲು ದಾರಿಯೇ ಇಲ್ಲದಿರಬಹುದು. ಒಮ್ಮೆ ಹೀಗೇ ಸೊನ್ನೆ ಇತ್ತು. ರೋಗಿಯ ಕುತ್ತಿಗೆ ಮಾತ್ರ ಯಾಕೋ ದಪ್ಪಗೆ ಕಂಡಿತು. ಬೆರಳಿಟ್ಟು ಒತ್ತಿದೆ, ಚರ್ಮದ ಕೆಳಗೆ ಚರಚರ ಅಂತು. ಗಾಳಿ ಟ್ಯೂಬಿಗೆ ಬರದೆ ಚರ್ಮದೊಳಗೆ ಹರಡುತ್ತಿತ್ತು. ಅವರು ಟ್ಯೂಬಿನ ಮೇಲೇ ಮಗ್ಗುಲಾಗಿದ್ದರು. ಸರಿಪಡಿಸಿದ ಕೂಡಲೇ ಅಂಕಿ ಜಿಗಿಯಿತು. ಯಂತ್ರದ ತಪ್ಪು ಅಂತ ನಾನು ಹೇಳುವುದಿಲ್ಲ, ಒತ್ತಡ ಏರಿಳಿಯುವುದನ್ನೂ ಅದು ತೋರಿಸುತ್ತದೆ. ಆದರೆ ದೊಡ್ಡ ಅಕ್ಷರದಲ್ಲಿ ಕಾಣುವುದು ಸೋರಿಕೆಯ ಅಂಕಿ, ಕಣ್ಣು ಅಲ್ಲೇ ನಿಲ್ಲುತ್ತದೆ. ಬಾಟಲಿಯಲ್ಲಿ ಕಾಲಮ್ ನಿಂತಿದ್ದರೆ ದೂರದಿಂದಲೇ ಗೊತ್ತಾಗುತ್ತಿತ್ತು ಅಲ್ವಾ?

ಸೋರಿಕೆ ಜಾಸ್ತಿ ತೋರಿಸಿದಾಗಲೂ ಇದೇ ಎಚ್ಚರ ಬೇಕು. ಅದು ಶ್ವಾಸಕೋಶದಿಂದಲೇ ಬರುತ್ತಿದೆ ಅಂತ ಯಂತ್ರ ಹೇಳಲಾರದು. ಟ್ಯೂಬ್ ಸ್ವಲ್ಪ ಹೊರಗೆ ಜಾರಿ ಅದರ ಪಕ್ಕದ ತೂತು ಚರ್ಮದ ಹೊರಗೆ ಬಂದಿರಬಹುದು. ಜೋಡಣೆ ಸಡಿಲವಾಗಿರಬಹುದು. ಡ್ರೆಸ್ಸಿಂಗ್ ಬಿಚ್ಚಿ, ಎದೆಯಿಂದ ಯಂತ್ರದವರೆಗೆ ಬೆರಳು ಹಾಯಿಸಿ ನೋಡಲೇಬೇಕು. ಗಡ್ಡೆ ಸಿಕ್ಕಿದರೆ ಟ್ಯೂಬನ್ನು ಬೆರಳುಗಳಲ್ಲಿ ಹಿಂಡಿ ಜೋರಾಗಿ ಎಳೆಯುವ ಹಳೆಯ ಪದ್ಧತಿ ಮಾತ್ರ ಬೇಡ. ಆ ಎಳೆತಕ್ಕೆ ಒಳಗಿನ ಒತ್ತಡ ನಾವು ಸೆಟ್ ಮಾಡಿದ್ದಕ್ಕಿಂತ ಎಷ್ಟೋ ಪಟ್ಟು ಇಳಿದು ಶ್ವಾಸಕೋಶಕ್ಕೆ ಪೆಟ್ಟಾಗಬಹುದು.

ಬ್ಯಾಟರಿ, ಅಲಾರಂ, ಸರ್ವಿಸ್ ಇವುಗಳ ಬಗ್ಗೆ ಗೊಣಗುವುದು ಇದ್ದೇ ಇದೆ. ಚಾರ್ಜರ್ ಕಳೆದುಹೋಗುತ್ತದೆ. ಡಬ್ಬಿ ಆ ಕಂಪನಿಯದ್ದೇ ಆಗಬೇಕು, ಬೇರೆಯದು ಕೂರುವುದಿಲ್ಲ. ಸ್ಟಾಕ್ ಮುಗಿದರೆ ಯಂತ್ರ ಬೀರುವಿನಲ್ಲಿ ಕೂರುತ್ತದೆ. ಡೆಮೊ ಕೊಡಲು ಬಂದವರು ನಗುನಗುತ್ತಾ ಬಂದರು, ರಿಪೇರಿಗೆ ಕರೆದಾಗ ಫೋನೇ ಎತ್ತಲಿಲ್ಲ. ಇದಕ್ಕೆ ಅರ್ಧ ಅಂಕ ಕಳೆದೆ, ಮನಸ್ಸು ಮಾಡಿದ್ದರೆ ಒಂದು ಕಳೆಯಬಹುದಿತ್ತು.

ಒಂದು ವಿಷಯ ಬೇರೆಯಾಗೇ ಹೇಳಬೇಕು. ಗಾಳಿ ಒಳಗೆ ಹೋಗುತ್ತಾ, ಹೊರಗೆ ಬರದೆ, ಒತ್ತಡ ಏರುತ್ತಿರುವ ರೋಗಿಗೆ ಬಾಟಲಿಯೂ ಯಂತ್ರವೂ ಆಮೇಲಿನ ಮಾತು. ಉಸಿರಿಗೆ ಒದ್ದಾಟ, ಬಿ.ಪಿ. ಕುಸಿತ, ಒಂದು ಪಕ್ಕದಲ್ಲಿ ಉಸಿರಿನ ಸದ್ದೇ ಇಲ್ಲ ಅಂದರೆ ಎಕ್ಸ್‌ರೇಗೆ ಕಾಯುವಂತಿಲ್ಲ. ಉದ್ದದ ಸೂಜಿ ಹಾಕಿ ಗಾಳಿ ಬಿಡಬೇಕು, ಅಥವಾ ಪಕ್ಕೆಯಲ್ಲಿ ತೂತು ಮಾಡಿ ಬೆರಳಿನಿಂದಲೇ ದಾರಿ ತೆಗೆಯಬೇಕು. ಮೊದಲೆಲ್ಲ ಸೂಜಿ ಹಾಕುತ್ತಿದ್ದದ್ದು ಕಾಲರ್ ಮೂಳೆಯ ಕೆಳಗೆ, ಎರಡನೇ ಪಕ್ಕೆಲುಬಿನ ಕೆಳಗಿನ ಸಂದಿನಲ್ಲಿ. ಗಾಯಾಳುಗಳನ್ನು ನೋಡಿಕೊಳ್ಳಲು ಡಾಕ್ಟರುಗಳಿಗೆ ಕಲಿಸುವ ಎಟಿಎಲ್‌ಎಸ್ ತರಬೇತಿಯ 2018ರ ಪಾಠದಲ್ಲಿ ದೊಡ್ಡವರಿಗೆ ಜಾಗ ಬದಲಾಯಿತು. ಈಗ ಕಂಕುಳಿನ ಪಕ್ಕ, ನಾಲ್ಕನೇ ಅಥವಾ ಐದನೇ ಸಂದಿ. ಮುಂದೆ ಎದೆಯ ಮಾಂಸ ದಪ್ಪ ಇರುವವರಲ್ಲಿ ಸೂಜಿ ಒಳಗೆ ತಲುಪುತ್ತಲೇ ಇರಲಿಲ್ಲ. ಮಕ್ಕಳಿಗೆ ಹಳೆಯ ಜಾಗವೇ.

ಈಗ ನನ್ನ ಅಸಲಿ ತಕರಾರು. ಆಸ್ಪತ್ರೆಯವರು ಯಂತ್ರ ಕೊಳ್ಳುವ ಉತ್ಸಾಹದಲ್ಲಿ ಟ್ಯೂಬನ್ನೇ ಮರೆಯುತ್ತಾರೆ. ರೋಗಿಯನ್ನು ಕೇಳಿ ನೋಡಿ. ಅವರು ಬೈಯುವುದು ಬಾಟಲಿಯನ್ನಲ್ಲ, ಪಕ್ಕೆಯಲ್ಲಿರುವ ಟ್ಯೂಬನ್ನು. ದೊಡ್ಡ ಟ್ಯೂಬ್ 28ರಿಂದ 32 ಫ್ರೆಂಚ್. ಮೂರು ಫ್ರೆಂಚ್ ಅಂದರೆ ಒಂದು ಮಿ.ಮೀ. ಅಂದರೆ ಎರಡು ಪಕ್ಕೆಲುಬುಗಳ ಮಧ್ಯೆ ಒಂಬತ್ತು ಹತ್ತು ಮಿ.ಮೀ. ದಪ್ಪದ ಪೈಪ್. ಪ್ರತಿ ಉಸಿರಿಗೂ ತಿಕ್ಕುತ್ತದೆ. ಪಿಗ್‌ಟೇಲ್ ಅಂತ ತೆಳು ಟ್ಯೂಬ್ ಬರುತ್ತದೆ, 14 ಫ್ರೆಂಚ್, ದೊಡ್ಡದರ ಅರ್ಧ. ತುದಿ ಸುರುಳಿ ಸುತ್ತಿಕೊಂಡಿರುತ್ತದೆ. ಪೆಟ್ಟಿನಿಂದ ಬರೀ ಗಾಳಿ ತುಂಬಿದವರಲ್ಲಿ ಈ ಎರಡನ್ನೂ ಹೋಲಿಸಿದ ಒಂದು ಅಧ್ಯಯನ 2014ರಲ್ಲಿ ಬಂತು. ತೆಳು ಟ್ಯೂಬಿನವರಿಗೆ ನೋವು ಕಡಿಮೆ, ಕೆಲಸ ಮಾತ್ರ ಅಷ್ಟೇ ಚೆನ್ನಾಗಿ ಆಯಿತು. ರಕ್ತ ಇದ್ದವರಲ್ಲೂ ಇದು ನಡೆಯುತ್ತದೆ ಅಂತ ಆಮೇಲಿನ ಅಧ್ಯಯನಗಳು ಹೇಳಿವೆ. ಆದರೆ ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ನಮ್ಮ ಸರ್ಜನ್ ಈಗಲೂ ದಪ್ಪ ಟ್ಯೂಬಿಗೇ ಕೈ ಹಾಕುತ್ತಾರೆ, ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಿಕ್ಕವರಿಗೆ ತೆಳುವಾದದ್ದನ್ನು ಮೊದಲು ಯೋಚಿಸಿ. ಅದು ಬೇಗ ಮಡಚಿಕೊಳ್ಳುತ್ತದೆ, ಅಂಟಿಸುವಾಗ ಎಚ್ಚರ, ಅಷ್ಟೇ.

ಎಲ್ಲರಿಗೂ ಟ್ಯೂಬೇ ಬೇಕಿಲ್ಲ ಅನ್ನುವುದನ್ನೂ ಹೇಳಬೇಕು. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಕಾಣದ ಗಾಳಿ ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ. ಸಿಟಿಯಲ್ಲಿ ಅದರ ಅಗಲ 35 ಮಿ.ಮೀ. ಒಳಗಿದ್ದು, ರೋಗಿ ಆರಾಮಾಗಿ ಉಸಿರಾಡುತ್ತಿದ್ದರೆ ಕಾದು ನೋಡುವುದು ಈಗ ಒಪ್ಪಿತ ದಾರಿ. ಮನೆಯವರಿಗೆ ಇದು ಸಮಾಧಾನ ಆಗುವುದಿಲ್ಲ. "ಏನೂ ಮಾಡ್ತಾನೇ ಇಲ್ಲ ಸಿಸ್ಟರ್, ಸುಮ್ನೆ ಮಲಗಿಸಿದ್ದೀರಿ" ಅನ್ನುತ್ತಾರೆ. ಆ ಗಾಳಿಯನ್ನು ಮೈ ತಾನಾಗೇ ಹೀರಿಕೊಳ್ಳುತ್ತದೆ ಅಮ್ಮ, ನಿಧಾನ ಅಷ್ಟೇ, ಅಂತ ಹೇಳುತ್ತೇನೆ. ದಿನಕ್ಕೆ ಎದೆಯ ಆ ಪಕ್ಕದ ಶೇಕಡಾ 2ರಷ್ಟು ಅಂತ ಅಂದಾಜು. ನಡುವೆ ಮತ್ತೆ ಎಕ್ಸ್‌ರೇ, ಉಸಿರಿನ ಎಣಿಕೆ, ಆಕ್ಸಿಜನ್ ಮಟ್ಟ ನೋಡುತ್ತಲೇ ಇರುತ್ತೇವೆ. ವೆಂಟಿಲೇಟರ್ ಹಾಕಬೇಕಾಗಿ ಬಂದರೆ ಇನ್ನೂ ಹೆಚ್ಚಿನ ಕಣ್ಣು ಬೇಕು, ಒತ್ತಡದ ಗಾಳಿಗೆ ಚಿಕ್ಕದು ದೊಡ್ಡದಾಗಬಹುದು.

ಇನ್ನು ನೋವು. ಯಂತ್ರ ಗಾಳಿ ಎಳೆಯುತ್ತದೆ, ರೋಗಿಯ ಪರವಾಗಿ ಕೆಮ್ಮುವುದಿಲ್ಲ. ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಆಳವಿಲ್ಲದೆ ಮೇಲುಮೇಲೇ ಉಸಿರಾಡುತ್ತಾರೆ, ಕಫ ಕೂಡುತ್ತದೆ, ನ್ಯುಮೋನಿಯಾ ಹಿಡಿಯುತ್ತದೆ. ವಯಸ್ಸಾದವರಲ್ಲಿ ಇದೇ ಜಾಸ್ತಿ ಅಪಾಯ. ನೋವು ತಡೆಯಲು ಬೆನ್ನಿನ ಪಕ್ಕದಲ್ಲಿ ನರಕ್ಕೆ ಕೊಡುವ ಇಂಜೆಕ್ಷನ್‌ಗಳು, ಅಂದರೆ ಬ್ಲಾಕ್‌ಗಳು, ಈಗ ಹಲವು ಇವೆ. ಬ್ಲಾಕ್ ಕೊಟ್ಟ ಮೇಲೆ ಅಜ್ಜನ ಕೈಗೆ ಉಸಿರಿನ ಚೆಂಡಿನ ಆಟಿಕೆ, ಅದೇ ಸ್ಪೈರೋಮೀಟರ್, ಕೊಟ್ಟು ನೋಡಿ. ಬೆಳಗ್ಗೆ ಒಂದು ಚೆಂಡೂ ಎತ್ತದವರು ಸಂಜೆಗೆ ಎರಡು ಎತ್ತುತ್ತಾರೆ. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತುವುದು ಬೇಡವೇ ಬೇಡ, ಉಸಿರು ಇನ್ನೂ ಮೊಟಕಾಗುತ್ತದೆ. ದುಡ್ಡು ಒಂದಕ್ಕೇ ಇದೆ ಅಂದರೆ ಮೊದಲು ಬ್ಲಾಕ್ ಕೊಡುವ ವ್ಯವಸ್ಥೆ, ಆಮೇಲೆ ಪಿಗ್‌ಟೇಲ್, ಕೊನೆಗೆ ಡಿಜಿಟಲ್ ಯಂತ್ರ. ಈ ಕ್ರಮವನ್ನು ಕಂಪನಿಯವರು ಒಪ್ಪುವುದಿಲ್ಲ, ಗೊತ್ತು.

ಕಡಿಮೆ ಸೌಲಭ್ಯದ ಕಡೆ ಹೈಮ್ಲಿಕ್ ವಾಲ್ವ್ ಅನ್ನೂ ಮರೆಯಬೇಡಿ. ಪ್ಲಾಸ್ಟಿಕ್ ಕೊಳವೆಯೊಳಗೆ ಒಂದು ಚಪ್ಪಟೆ ರಬ್ಬರ್ ನಾಲಿಗೆ, ಗಾಳಿಗೆ ಒಂದೇ ದಿಕ್ಕು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳುಗಳಿಗೆ ಬಳಸಿದ್ದು. ರಕ್ತವಿಲ್ಲದ, ಬರೀ ಗಾಳಿಯ ರೋಗಿಗೆ ಸಾಕು. ಉಲ್ಟಾ ಸಿಕ್ಕಿಸಿದರೆ ಮಾತ್ರ ಅನಾಹುತ, ಬಾಣದ ಗುರುತು ನೋಡಿ ಹಾಕಿ.

ಟ್ಯೂಬ್ ತೆಗೆಯುವುದು ಸೋರಿಕೆ ನಿಂತು, ಎಕ್ಸ್‌ರೇ ಸರಿಯಾಗಿ, ದ್ರವ ದಿನಕ್ಕೆ ಸುಮಾರು 200 ಮಿ.ಲೀ. ಒಳಗೆ ಬಂದ ಮೇಲೆ. ಮನೆಗೆ ಹೋಗುವವರು ವಿಮಾನದ ಬಗ್ಗೆ ಕೇಳಿಯೇ ಕೇಳುತ್ತಾರೆ. ಎಕ್ಸ್‌ರೇಯಲ್ಲಿ ಪೂರ್ತಿ ಸರಿಯಾದ ಮೇಲೂ ಕನಿಷ್ಠ ಒಂದು ವಾರ, ಪೆಟ್ಟಿನವರಿಗೆ ಎರಡು ವಾರ ಕಾಯಿಸುವವರೂ ಇದ್ದಾರೆ. ನಿಮ್ಮ ಡಾಕ್ಟರನ್ನು ಕೇಳಿಯೇ ಟಿಕೆಟ್ ಮಾಡಿ. ಸಮುದ್ರದಾಳಕ್ಕೆ ಸ್ಕೂಬಾ ಡೈವಿಂಗ್ ಹೋಗುವ ಆಸೆ ಇದ್ದರೆ ಎದೆಯ ಡಾಕ್ಟರ್ ಪರೀಕ್ಷೆ ಮಾಡಿ ಹೂಂ ಅನ್ನುವ ತನಕ ಬೇಡ.

ಇಷ್ಟಾದ ಮೇಲೂ ಕೊಳ್ಳುತ್ತೀರಿ ಅಂದರೆ, ಗಾಳಿ ಸೋರಿಕೆ ದಿನಗಟ್ಟಲೆ ನಿಲ್ಲದ ರೋಗಿಗಳು ನಿಮ್ಮಲ್ಲಿ ಆಗಾಗ ಬರುತ್ತಿದ್ದರೆ ಖಂಡಿತ ಕೊಳ್ಳಿ. ಸಹಿ ಹಾಕುವ ಮುಂಚೆ ದೊಡ್ಡ ಡಬ್ಬಿ ಸಿಗುತ್ತದಾ, ಅದರ ಸ್ಟಾಕ್ ಯಾರ ಜವಾಬ್ದಾರಿ, ಕೆಟ್ಟರೆ ಬದಲಿ ಯಂತ್ರ ಎಷ್ಟು ಗಂಟೆಯಲ್ಲಿ ಬರುತ್ತದೆ ಅಂತ ಬರೆಸಿಕೊಳ್ಳಿ. ಡೆಮೊ ನೋಡುವಾಗ ಸೋರಿಕೆಯ ಅಂಕಿ ತೋರಿಸಿದ್ದಕ್ಕೇ ಬಿಡಬೇಡಿ, ಟ್ಯೂಬ್ ಮಡಚಿ ಹಿಡಿದು ಯಂತ್ರ ಎಷ್ಟು ಹೊತ್ತಿಗೆ ಕೂಗುತ್ತದೆ ನೋಡಿ. ಮತ್ತೆ, ಚಾರ್ಜರ್ ಎರಡೆರಡು ಕೇಳಿ.